ಮಿಸ್ ಹೊಡೆಯುವ ಜಾವಾ: ಕಿಡಿಯ ಜಾಡು ಹಿಡಿದು ಒಂದು ಚರಿತ್ರೆ



ಮುಂಬೈಯ ಸೊಸೈಟಿಯ ಪಾರ್ಕಿಂಗ್ ಮೂಲೆಯಲ್ಲೋ, ಪುಣೆಯ ಹಳೇ ಮನೆಯ ಹಿತ್ತಿಲಲ್ಲೋ, ಚೆನ್ನೈಯ ಜಗಲಿಯ ಕೆಳಗೋ ಒಂದು ಜಾವಾ ಅಥವಾ ಯೆಜ್ಡಿ ಹೊದಿಕೆ ಹೊದ್ದು ನಿಂತಿರುವ ಕನ್ನಡದ ಮನೆಗಳು ಇವತ್ತಿಗೂ ಇವೆ. ಅಪ್ಪನದ್ದು, ಇಲ್ಲವೇ ಸೋದರಮಾವನದ್ದು. ಭಾನುವಾರ ಒರೆಸಿ, ಕಿಕ್ ಹೊಡೆದರೆ ಸ್ಟಾರ್ಟೇನೋ ಆಗುತ್ತದೆ. ನಾಲ್ಕು ಕಿಲೋಮೀಟರ್ ಹೋಗುವಷ್ಟರಲ್ಲಿ ಕೆಮ್ಮಲು ಶುರು. ಫ್ಲೈಓವರ್ ಏರುವಾಗ ಎರಡು ಸಲ ಮುಗ್ಗರಿಸಿ, 'ಪಟ್' ಎಂದು ಸೈಲೆನ್ಸರಿನಲ್ಲಿ ಸಿಡಿದು, ನಿಂತೇಬಿಡುತ್ತದೆ. ಇದಕ್ಕೆ ಗ್ಯಾರೇಜಿನ ಭಾಷೆಯಲ್ಲಿ ಒಂದೇ ಹೆಸರು: ಮಿಸ್ಸಿಂಗ್.

ಆಮೇಲೆ ನಡೆಯುವುದು ನಿಮಗೆ ಗೊತ್ತೇ ಇದೆ. ಮೊದಲು ಪ್ಲಗ್ ಬದಲು, ಆಮೇಲೆ ಕಾರ್ಬೊರೇಟರ್ ಬದಲು, ಆಮೇಲೆ ಕಾಯಿಲ್ ಬದಲು. ಬಿಚ್ಚಿದ ಮೂಲ ಸಾಮಾನು ಗುಜರಿಗೆ. ಮಿಸ್ಸಿಂಗ್ ಮಾತ್ರ ಹಾಗೇ. ಬೇರೆ ಗಾಡಿಯಾದರೆ ಹೋಗಲಿ ಅನ್ನಬಹುದು. ಈ ಗಾಡಿಯನ್ನು ಮಾಡಿದ ಕಾರ್ಖಾನೆ 1996ರಲ್ಲೇ ಬಾಗಿಲು ಹಾಕಿತು. ಗುಜರಿಗೆ ಹೋದ ಸಾಮಾನು ಅಲ್ಲಿಂದ ಮತ್ತೆ ಬರುವುದಿಲ್ಲ. ಹಾಗಾಗಿ ಈ ಸಂಚಿಕೆಯಲ್ಲಿ ಮಿಸ್ಸಿಂಗಿನ ಜಾಡು ಹಿಡಿಯೋಣ. ಜಾಡು ಹಿಡಿಯುತ್ತ ಹೋದರೆ ಒಂದೊಂದು ಸಾಮಾನಿನ ಹಿಂದೆಯೂ ಒಂದೊಂದು ಇಸವಿ ಸಿಗುತ್ತದೆ. ಆ ಇಸವಿ ತಿಳಿದರೆ ರೋಗವೂ ಬೇಗ ತಿಳಿಯುತ್ತದೆ.

ಮೊದಲು ಗಾಡಿಯ ಹುಟ್ಟೂರು. ಚೆಕ್ ದೇಶದ ಫ್ರಾಂಟಿಶೆಕ್ ಯಾನೆಚೆಕ್ 1929ರಲ್ಲಿ ಪ್ರಾಗ್‌ನಲ್ಲಿ ಮೋಟಾರ್ ಸೈಕಲ್ ಮಾಡಲು ತೊಡಗಿದರು. ಜರ್ಮನಿಯ ವಾಂಡರರ್ ಕಂಪನಿಯಿಂದ ವಿನ್ಯಾಸ ಕೊಂಡಿದ್ದರಿಂದ, ತಮ್ಮ ಹೆಸರಿನ ಮೊದಲೆರಡು ಅಕ್ಷರಕ್ಕೆ ಅದರ ಹೆಸರಿನ ಮೊದಲೆರಡು ಅಕ್ಷರ ಸೇರಿಸಿ 'ಜಾವಾ' ಎಂದಿಟ್ಟರು. ಇಂಡೋನೇಷ್ಯಾದ ದ್ವೀಪಕ್ಕೂ ಇದಕ್ಕೂ ಸಂಬಂಧವಿಲ್ಲ. ರುಸ್ತಮ್ ಇರಾನಿ ಮತ್ತು ಫಾರೂಖ್ ಇರಾನಿ 1960ರಲ್ಲಿ ಐಡಿಯಲ್ ಜಾವಾ ಕಂಪನಿ ಕಟ್ಟಿದರು. ಮೈಸೂರಿನ ಯಾದವಗಿರಿಯ ಕಾರ್ಖಾನೆಯನ್ನು ಆಗ ರಾಜ್ಯಪಾಲರಾಗಿದ್ದ ಜಯಚಾಮರಾಜೇಂದ್ರ ಒಡೆಯರ್ ಉದ್ಘಾಟಿಸಿದರು. 1961ರಿಂದ 250 ಸಿಸಿ ಜಾವಾ ರಸ್ತೆಗಿಳಿಯಿತು. ಎಪ್ಪತ್ತರ ದಶಕದಲ್ಲಿ ಹೆಸರು ಯೆಜ್ಡಿ ಆಯಿತು, 1978ರಲ್ಲಿ ರೋಡ್‌ಕಿಂಗ್ ಬಂತು. 2018ರಲ್ಲಿ ಜಾವಾ ಹೆಸರೂ 2022ರಲ್ಲಿ ಯೆಜ್ಡಿ ಹೆಸರೂ ಹೊಸ ಗಾಡಿಗಳ ಮೇಲೆ ಮರಳಿ ಬಂದವು. ಆದರೆ ಅವು ನಾಲ್ಕು ಸ್ಟ್ರೋಕಿನವು. ಅವುಗಳ ಸಾಮಾನು ನಮ್ಮ ಗಾಡಿಗೆ ಕೂರುವುದಿಲ್ಲ.

ಈಗ ಕಾಯಿಲೆಗೆ ಬರೋಣ. ಮೊದಲ ಕೆಲಸ ಬಿಚ್ಚುವುದಲ್ಲ, ಕೇಳುವುದು. ಬಾನುಲಿಯವರ ಮಾತು ಇದು ಅಂದುಕೊಳ್ಳಬೇಡಿ, ಹಳೇ ಮೆಕ್ಯಾನಿಕ್ಕರೂ ಹೀಗೇ ಹೇಳುತ್ತಾರೆ. ಎರಡು ಸ್ಟ್ರೋಕಿನ ಎಂಜಿನ್ ಕಡಿಮೆ ಆಕ್ಸಿಲರೇಟರಿನಲ್ಲಿ, ಇಳಿಜಾರಿನಲ್ಲಿ, ಒಂದು ಸುತ್ತು ಬಿಟ್ಟು ಒಂದು ಸುತ್ತು ಉರಿಯುವುದುಂಟು. ಅದು ಅದರ ಜಾಯಮಾನ, ರೋಗವಲ್ಲ. ಪೆಟ್ರೋಲ್ ಸಾಲದೆ ಬಂದ ತೊಂದರೆಯಾದರೆ ಗಾಡಿ ನಿಧಾನವಾಗಿ ಸೊರಗುತ್ತದೆ. ಕಿಡಿಯ ತೊಂದರೆ ಹಾಗಲ್ಲ. ಯಾರೋ ಸ್ವಿಚ್ ಆರಿಸಿ ಮತ್ತೆ ಹಾಕಿದ ಹಾಗೆ, ಫಟ್ಟನೆ ಹೋಗಿ ಫಟ್ಟನೆ ಬರುತ್ತದೆ. ಜೊತೆಗೆ ಎರಡು ಪ್ರಶ್ನೆ ಕೇಳಿಕೊಳ್ಳಿ. ತಣ್ಣಗಿದ್ದಾಗಲೂ ಮಿಸ್ ಹೊಡೆಯುತ್ತದೆಯೇ, ಬಿಸಿಯಾದ ಮೇಲೆ ಮಾತ್ರವೇ? ಸಮತಟ್ಟಿನಲ್ಲೂ ಇದೆಯೇ, ಏರಿನಲ್ಲಿ ಮಾತ್ರವೇ? ಅರ್ಧ ಉತ್ತರ ಇಲ್ಲೇ ಸಿಗುತ್ತದೆ.

ಏರಿನಲ್ಲಿ ಮಾತ್ರ ಯಾಕೆ? ಜರ್ಮನಿಯ ಫ್ರೀಡ್ರಿಶ್ ಪಾಶೆನ್ 1889ರಲ್ಲಿ ಪ್ರಯೋಗ ಮಾಡಿ ತೋರಿಸಿದರು: ಅನಿಲದ ಒತ್ತಡ ಹೆಚ್ಚಿದಷ್ಟೂ, ಸಂದು ಅಗಲವಾದಷ್ಟೂ, ಕಿಡಿ ಹಾರಲು ಹೆಚ್ಚು ವೋಲ್ಟ್ ಬೇಕು. ಏರಿನಲ್ಲಿ ಆಕ್ಸಿಲರೇಟರ್ ಪೂರ್ತಿ ತಿರುಗಿಸಿದಾಗ ಸಿಲಿಂಡರಿನೊಳಗೆ ಒತ್ತಡ ಏರುತ್ತದೆ. ಬಲಹೀನ ಕಿಡಿ ಅಲ್ಲಿ ಸೋಲುತ್ತದೆ. ಪ್ಲಗ್ ಬಿಚ್ಚಿ, ಎಂಜಿನ್ನಿಗೆ ತಾಗಿಸಿ, ಕಿಕ್ ಹೊಡೆದು 'ನೋಡಿ, ಕಿಡಿ ಬರ್ತಿದೆ, ಇದರಲ್ಲೇನೂ ತಪ್ಪಿಲ್ಲ' ಎನ್ನುವವರು ಇದನ್ನು ಮರೆಯುತ್ತಾರೆ. ಬಯಲಿನ ಗಾಳಿಯಲ್ಲಿ ಹಾರಿದ ಕಿಡಿ ಸಿಲಿಂಡರಿನೊಳಗೂ ಹಾರುತ್ತದೆ ಎಂಬ ಖಾತ್ರಿಯಿಲ್ಲ. ಬಿಳಿ-ನೀಲಿ ಬಣ್ಣದಲ್ಲಿ 'ಚಟ್' ಎಂದು ಸದ್ದು ಮಾಡಿದರೆ ಒಳ್ಳೆಯ ಕಿಡಿ. ತೆಳ್ಳಗೆ, ಕೆಂಪಾಗಿ ಬಂದರೆ ಅನುಮಾನಪಡಿ. ಇದನ್ನು ನೋಡುವಾಗ ಹತ್ತಿರ ಪೆಟ್ರೋಲ್ ಚೆಲ್ಲಿರಬಾರದು, ಪ್ಲಗ್ಗನ್ನು ಬರಿಗೈಯಲ್ಲಿ ಹಿಡಿಯಬಾರದು.

ಪ್ಲಗ್ಗಿನ ಮಾತು ಬಂತು. 1860ರಲ್ಲಿ ಪ್ಯಾರಿಸ್ಸಿನ ಎತಿಯೆನ್ ಲೆನ್ವಾರ್ ತಮ್ಮ ಗ್ಯಾಸ್ ಎಂಜಿನ್ನಿಗೆ ವಿದ್ಯುತ್ ಕಿಡಿಯನ್ನೇ ಹಾಕಿದ್ದರು. ಆದರೂ ಅದು ನಂಬಿಕೆಯ ದಾರಿಯಾಗಿರಲಿಲ್ಲ. 1885ರಲ್ಲಿ ಡೈಮ್ಲರ್ ಮಾಡಿದ ಮೊದಲ ಮೋಟಾರ್ ಸೈಕಲ್ಲಿನಲ್ಲಿ ಕಿಡಿಯೇ ಇಲ್ಲ. ಕಾದು ಕೆಂಪಾದ ಒಂದು ನಳಿಗೆ ಪೆಟ್ರೋಲ್ ಹೊತ್ತಿಸುತ್ತಿತ್ತು. 1902ರಲ್ಲಿ ಬಾಷ್ ಕಂಪನಿಯ ಗಾಟ್ಲೋಬ್ ಹೊನೊಲ್ಡ್ ಹೆಚ್ಚು ವೋಲ್ಟಿನ ಮ್ಯಾಗ್ನೆಟೋ ಮತ್ತು ಪ್ಲಗ್ಗಿನ ಜೋಡಿಯನ್ನು ಹೊರತಂದ ಮೇಲೆ ಕಿಡಿ ಪಳಗಿತು. ಅದೇ ಬಾಷ್‌ನ ಕೂಸು ನಮ್ಮ ಬೆಂಗಳೂರಿನ ಮೈಕೋ, 1951ರಲ್ಲಿ ಹುಟ್ಟಿದ ಮೋಟಾರ್ ಇಂಡಸ್ಟ್ರೀಸ್ ಕಂಪನಿ. 2008ರಲ್ಲಿ ಅದರ ಹೆಸರೂ ಬಾಷ್ ಎಂದೇ ಆಯಿತು. ಬೆಂಗಳೂರಿನಲ್ಲಿ ಬಡಾವಣೆಯೊಂದಕ್ಕೆ ಹೆಸರು ಕೊಟ್ಟ ಕಂಪನಿ ಅದು. ಅಪ್ಪಂದಿರ ಕಾಲದಲ್ಲಿ ಪ್ಲಗ್ ಎಂದರೆ ಮೈಕೋ ಪ್ಲಗ್.

ಎರಡು ಸ್ಟ್ರೋಕಿನಲ್ಲಿ ಆಯಿಲ್ ಬೆರೆತ ಪೆಟ್ರೋಲ್ ಉರಿಯುವುದರಿಂದ ಪ್ಲಗ್ಗಿನ ತುದಿಯಲ್ಲಿ ಮಸಿ ಕಟ್ಟುತ್ತದೆ. ಕೆಲವೊಮ್ಮೆ ಕೂದಲೆಳೆಯಂಥ ಮಸಿ ಸಂದಿಗೆ ಅಡ್ಡ ಬಿದ್ದು ಕಿಡಿಯನ್ನೇ ನುಂಗುತ್ತದೆ. ಆದ್ದರಿಂದ ಮೊದಲು ಒಳ್ಳೆಯದೆಂದು ಗೊತ್ತಿರುವ ಒಂದು ಪ್ಲಗ್ ಹಾಕಿ ನೋಡಿ. ಆಮೇಲೆ ಕತ್ತಲಲ್ಲಿ ಎಂಜಿನ್ ಓಡಿಸಿ, ಪ್ಲಗ್ಗಿಗೆ ಹೋಗುವ ದಪ್ಪ ವೈರು ಮತ್ತು ಕ್ಯಾಪನ್ನು ನೋಡಿ. ಬಿರುಕು ಬಿಟ್ಟಿದ್ದರೆ ಅಲ್ಲಿ ಮಿಣುಕು ಕಾಣುತ್ತದೆ. ಮಳೆಗಾಲದ ಮುಂಬೈಯಲ್ಲಿ ಮಾತ್ರ ಮಿಸ್ ಹೊಡೆಯುವ ಗಾಡಿಗೆ ಬಹಳ ಸಲ ಇದೇ ಕಾರಣ.

ಪ್ಲಗ್ಗಿನಿಂದ ಹಿಂದಕ್ಕೆ ಹೋದರೆ ಕಾಯಿಲ್. ಇದರ ಮೂಲ 1831. ಒಂದು ತಂತಿಯ ಸುತ್ತಿನಲ್ಲಿ ಕರೆಂಟು ಬಂದಾಗ ಮತ್ತು ನಿಂತಾಗ ಪಕ್ಕದ ಸುತ್ತಿನಲ್ಲೂ ಕರೆಂಟು ಮಿಡಿಯುತ್ತದೆ ಎಂದು ಲಂಡನ್ನಿನ ಮೈಕೆಲ್ ಫ್ಯಾರಡೆ ಕಂಡುಕೊಂಡರು. 1836ರಲ್ಲಿ ಐರ್ಲೆಂಡಿನ ಪಾದ್ರಿ ನಿಕೋಲಸ್ ಕ್ಯಾಲನ್ ಕಾಯಿಲ್ ಮಾಡಿದರು. 1851ರ ಹೊತ್ತಿಗೆ ಪ್ಯಾರಿಸ್ಸಿನ ರುಮ್ಕೋರ್ಫ್ ಅದನ್ನು ಮಾರಾಟದ ವಸ್ತುವಾಗಿಸಿದರು. ಜಾವಾದ ಬ್ಯಾಟರಿ ಕೊಡುವುದು ಬರೀ 6 ವೋಲ್ಟ್. ಅದು ಸಾವಿರಾರು ವೋಲ್ಟ್ ಆಗುವುದು ಕಾಯಿಲಿನಲ್ಲಿ, ಅದೂ ಕರೆಂಟು ಥಟ್ಟನೆ ಕಡಿದ ಕ್ಷಣದಲ್ಲಿ.

ಆ ಕಡಿಯುವ ಕೆಲಸ ಪಾಯಿಂಟಿನದು. ಬ್ಯಾಟರಿ, ಕಾಯಿಲ್, ಪಾಯಿಂಟ್ ಸೇರಿದ ವ್ಯವಸ್ಥೆಯನ್ನು ಅಮೆರಿಕದ ಚಾರ್ಲ್ಸ್ ಕೆಟರಿಂಗ್ ಸುಧಾರಿಸಿದರು, 1910ರ ಕ್ಯಾಡಿಲಾಕ್ ಕಾರಿನಲ್ಲಿ ಅದು ಬಂತು. ನಮ್ಮ ಗಾಡಿಯಲ್ಲಿ ಇರುವುದು ಅದರ ವಂಶವೇ. ನಿಮಿಷಕ್ಕೆ 3000 ಸುತ್ತು ತಿರುಗುವಾಗ ಎರಡು ಸ್ಟ್ರೋಕಿನ ಎಂಜಿನ್ನಿನ ಪಾಯಿಂಟ್ ಸೆಕೆಂಡಿಗೆ 50 ಸಲ ತೆರೆದು ಮುಚ್ಚುತ್ತದೆ. ಪಾಯಿಂಟಿನ ಸಂದು ಸುಮಾರು 0.4 ಮಿಲಿಮೀಟರ್ ಇರಬೇಕು. ಫೀಲರ್ ಗೇಜಿನಿಂದ ಅಳೆಯಿರಿ, ಕಣ್ಣಂದಾಜು ಬೇಡ. ಆಯಿಲ್ ಹತ್ತಿದ್ದರೆ ಒರೆಸಿ. ಗುಳಿ ಬಿದ್ದಿದ್ದರೆ ಉಜ್ಜಿ ಸಮ ಮಾಡಿ, ಇಲ್ಲವೇ ಬದಲಿಸಿ.

ಗುಳಿ ಬೇಗ ಬೇಗ ಬೀಳುತ್ತಿದೆಯೇ? ಎಂಜಿನ್ ಓಡುವಾಗ ಪಾಯಿಂಟಿನ ನಡುವೆ ದೊಡ್ಡ ಕಿಡಿ ಕಾಣುತ್ತಿದೆಯೇ? ಹಾಗಾದರೆ ಕಂಡೆನ್ಸರ್ ಕಡೆ ನೋಡಿ. ಅದರ ಇಸವಿ 1853. ಫ್ರಾನ್ಸಿನ ಇಪ್ಪೊಲಿತ್ ಫಿಜೋ ಕಾಯಿಲಿನ ಕಡಿತದ ಬಾಯಿಗೆ ಕಂಡೆನ್ಸರ್ ಕಟ್ಟಿದರೆ ಅಲ್ಲಿ ಕಿಡಿ ಸುಡುವುದು ತಗ್ಗಿ, ಆಚೆಯ ಕಿಡಿ ಬಲವಾಗುತ್ತದೆಂದು ತೋರಿಸಿದರು. ಕಂಡೆನ್ಸರ್ ಕೆಟ್ಟರೆ ಇದು ತಿರುಗುಮುರುಗಾಗುತ್ತದೆ: ಪಾಯಿಂಟಿನಲ್ಲಿ ಹೋಳಿ ಹಬ್ಬ, ಪ್ಲಗ್ಗಿನಲ್ಲಿ ಉಪವಾಸ. ಹೆಬ್ಬೆಟ್ಟಿನಷ್ಟಿರುವ ಈ ಸಾಮಾನು ಮತ್ತು ಕಾಯಿಲ್, ಎರಡೂ ಬಿಸಿಯಾದಾಗ ಕೈಕೊಡುವ ಜಾತಿಯವು. ಕಾಲು ಗಂಟೆ ಓಡಿ ನಿಂತು, ಚಹಾ ಕುಡಿದು ಬರುವಷ್ಟರಲ್ಲಿ ಮತ್ತೆ ಸರಿಹೋಗುವ ಗಾಡಿಯಲ್ಲಿ ಮೊದಲ ಅನುಮಾನ ಇವೆರಡರ ಮೇಲೆ. ಒಂದು ಒಳ್ಳೆಯ ಕಂಡೆನ್ಸರನ್ನು ತಾತ್ಕಾಲಿಕವಾಗಿ ಜೋಡಿಸಿ, ಬಿಸಿಯಾಗುವ ತನಕ ಓಡಿಸಿ ನೋಡಿ. ಅದಕ್ಕೂ ಜಗ್ಗದಿದ್ದರೆ ಮಾತ್ರ ಕಾಯಿಲ್.

ಇನ್ನು ಮೊದಲ ಕೊಂಡಿ, ಬ್ಯಾಟರಿಯ ಕಡೆ. 12 ವೋಲ್ಟಿನಲ್ಲಿ 1 ವೋಲ್ಟ್ ಸೋರಿದರೆ ಹನ್ನೆರಡರಲ್ಲಿ ಒಂದು ಪಾಲು. 6 ವೋಲ್ಟಿನಲ್ಲಿ ಆರರಲ್ಲಿ ಒಂದು. ತುಕ್ಕು ಹಿಡಿದ ಅರ್ತ್, ಸವೆದ ಸ್ವಿಚ್, ಸಡಿಲ ತಂತಿ ಇವೆಲ್ಲ ಹಳೇ ಜಾವಾಕ್ಕೆ ದೊಡ್ಡ ವೈರಿಗಳು. ಬ್ಯಾಟರಿಯಿಂದ ಕಾಯಿಲಿಗೆ ನೇರವಾಗಿ ಒಂದು ವೈರು ಎಳೆದು ಓಡಿಸಿ. ಮಿಸ್ಸಿಂಗ್ ಮಾಯವಾದರೆ ತಪ್ಪು ಸ್ವಿಚ್ಚಿನದು ಅಥವಾ ತಂತಿಯದು. ಹತ್ತು ರೂಪಾಯಿಯ ವೈರಿನಿಂದ ಒಂದು ಕಾಯಿಲಿನ ಖರ್ಚು ಉಳಿಯಿತು. ಎಂಜಿನ್ ನಿಲ್ಲಿಸಬೇಕಾದರೆ ಆ ವೈರನ್ನೇ ಕೀಳಬೇಕು, ನೆನಪಿರಲಿ.

ಇಷ್ಟೆಲ್ಲ ಆದ ಮೇಲೂ ಪಾಯಿಂಟಿನ ಸಂದು ದಿನಕ್ಕೊಂದು ಅಳತೆ ತೋರಿಸುತ್ತಿದೆಯೇ? ಜಾವಾದಲ್ಲಿ ಪಾಯಿಂಟ್ ಎತ್ತುವ ಕ್ಯಾಮ್ ಕ್ರ್ಯಾಂಕ್ ಶಾಫ್ಟಿನ ತುದಿಯಲ್ಲೇ ಇದೆ. ಬೇರಿಂಗ್ ಸವೆದು ಶಾಫ್ಟ್ ಅಲ್ಲಾಡಿದರೆ ಸಂದೂ ಅಲ್ಲಾಡುತ್ತದೆ. ಆಗ ಎಷ್ಟು ಪ್ಲಗ್ ಬದಲಿಸಿದರೂ ಪ್ರಯೋಜನವಿಲ್ಲ, ಎಂಜಿನ್ ಬಿಚ್ಚಲೇಬೇಕು.

ನಮ್ಮ ಬಾನುಲಿಗೂ ಈ ಕಥೆಗೂ ಒಂದು ನಂಟಿದೆ. 1887ರಲ್ಲಿ ಹರ್ಟ್ಸ್ ರೇಡಿಯೋ ಅಲೆಗಳನ್ನು ಎಬ್ಬಿಸಿದ್ದು ರುಮ್ಕೋರ್ಫ್ ಕಾಯಿಲಿನ ಕಿಡಿಯಿಂದಲೇ. ಮಾರ್ಕೋನಿಯ ಮೊದಮೊದಲ ಪ್ರಸಾರ ಯಂತ್ರವೂ ಕಿಡಿಯ ಯಂತ್ರವೇ. ಮನೆ ಮುಂದೆ ಸ್ಕೂಟರ್ ಹೋದಾಗ ಮೀಡಿಯಂ ವೇವ್ ರೇಡಿಯೋ ಕರಕರ ಎನ್ನುತ್ತಿದ್ದುದು ಇದಕ್ಕೇ. ಎಫ್‌ಎಂನಲ್ಲಿ ಈ ಕಾಟ ಕಡಿಮೆ. ಆದರೆ ಆ ಕಾಟದಿಂದ ಉಪಕಾರವೂ ಉಂಟು. ಹಳೇ ಟ್ರಾನ್ಸಿಸ್ಟರನ್ನು ಮೀಡಿಯಂ ವೇವ್‌ನಲ್ಲಿ, ಯಾವ ಸ್ಟೇಷನ್ನೂ ಇಲ್ಲದ ಕಡೆ ಇಟ್ಟು, ಓಡುವ ಎಂಜಿನ್ನಿನ ಬಳಿ ಹಿಡಿಯಿರಿ. ಕಿಡಿಯ ಕರಕರ ಒಂದೇ ಸಮ ಕೇಳುತ್ತಿದ್ದೂ ಎಂಜಿನ್ ಮುಗ್ಗರಿಸಿದರೆ ಪೆಟ್ರೋಲ್ ಕಡೆ ನೋಡಿ. ಕರಕರವೇ ತಪ್ಪಿದರೆ ಕಾಯಿಲ್, ಪಾಯಿಂಟ್, ತಂತಿಗಳ ಕಡೆ.

ಇದೆಲ್ಲದರ ಕಟ್ಟಳೆ ಒಂದೇ: ಒಂದು ಸಲಕ್ಕೆ ಒಂದೇ ಸಾಮಾನು ಬದಲಿಸಿ, ಓಡಿಸಿ, ನೋಡಿ. ಮೂರು ಒಟ್ಟಿಗೆ ಬದಲಿಸಿದರೆ ಗಾಡಿ ಸರಿಯಾದರೂ ಕಾರಣ ತಿಳಿಯುವುದಿಲ್ಲ. ಬಿಚ್ಚಿದ ಮೂಲ ಸಾಮಾನನ್ನು ಬಿಸಾಡಬೇಡಿ. 50 ವರ್ಷ ದಾಟಿದ ವಾಹನಗಳಿಗೆ ವಿಂಟೇಜ್ ನೋಂದಣಿಯ ನಿಯಮ 2021ರಲ್ಲಿ ಬಂದಿದೆ. ಗಾಡಿ ಮೂಲ ರೂಪದಲ್ಲೇ ಇರಬೇಕೆಂಬುದು ಅದರ ಷರತ್ತು. ಮೊದಮೊದಲ ಮೈಸೂರು ಜಾವಾಗಳೆಲ್ಲ ಆ ವಯಸ್ಸು ದಾಟಿವೆ.

ಯಾದವಗಿರಿಯ ಕಾರ್ಖಾನೆಯಲ್ಲಿ ಪಾಯಿಂಟ್ ಕೂರಿಸಿದ ಕೈಗಳಿಗೂ ಈಗ ವಯಸ್ಸಾಗಿದೆ. ಅಂಥವರು ನಿಮ್ಮ ನೆಂಟರಲ್ಲಿ, ನೆರೆಯಲ್ಲಿ ಇದ್ದರೆ ಮುಂದಿನ ಸಲ ಊರಿಗೆ ಹೋದಾಗ ಒಂದು ಗಂಟೆ ಕೂತು ಕೇಳಿ. ಕೇಳಿದ್ದನ್ನು ಬರೆದಿಡಿ. ನಿಮ್ಮ ಗಾಡಿಯ ಪಾಯಿಂಟಿನ ಸಂದು, ಪ್ಲಗ್ಗಿನ ನಂಬರು, ಯಾವ ಸಾಮಾನು ಎಂದು ಬದಲಾಯಿತು, ಎಲ್ಲವನ್ನೂ ಒಂದು ಚೀಟಿಯಲ್ಲಿ ಬರೆದು ಟೂಲ್ ಬಾಕ್ಸಿನಲ್ಲಿಡಿ. ಮುಂದೆ ಆ ಗಾಡಿಗೆ ಕಿಕ್ ಹೊಡೆಯುವವರಿಗೆ ಆ ಚೀಟಿಯೇ ಕಾರ್ಖಾನೆ.