ಜಾವಾ–ಯೆಜ್ಡಿ ಮೋಟಾರ್‌ಸೈಕಲ್‌ಗಳ ಕ್ಲಚ್

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯು ತಯಾರಿಸಿದ 250 ಸಿ.ಸಿ. ಮೋಟಾರ್‌ಸೈಕಲ್‌ಗಳಲ್ಲಿ ಎಂಜಿನ್ನಿನ ಶಕ್ತಿಯನ್ನು ಗೇರ್‌ಪೆಟ್ಟಿಗೆಗೆ ಕೂಡಿಸುವ ಹಾಗೂ ಅದರಿಂದ ಬೇರ್ಪಡಿಸುವ ಭಾಗವೇ ಕ್ಲಚ್. 1961ರಲ್ಲಿ ಜಯಚಾಮರಾಜ ಒಡೆಯರ್ ಅವರು ಉದ್ಘಾಟಿಸಿದ ಈ ಕಾರ್ಖಾನೆಯು 1996ರಲ್ಲಿ ಮುಚ್ಚಿತು. ಆದರೆ ಅಲ್ಲಿ ತಯಾರಾದ ವಾಹನಗಳು ಇಂದಿಗೂ ಬಳಕೆಯಲ್ಲಿದ್ದು, ಅನೇಕರು ಅವುಗಳ ಕ್ಲಚ್ಚನ್ನು ಮನೆಯಲ್ಲಿಯೇ ದುರಸ್ತಿ ಮಾಡಿಕೊಳ್ಳುತ್ತಾರೆ.

ರಚನೆ

ಇದು ಎಂಜಿನ್ನಿನ ಎಡಬದಿಯ ಮುಚ್ಚಳದೊಳಗೆ ಎಣ್ಣೆಯಲ್ಲಿ ತೊಯ್ದಿರುವ ಬಹುಫಲಕ ಕ್ಲಚ್. ಕಾರ್ಕ್ ಕೂರಿಸಿದ ಫಲಕಗಳೂ ಉಕ್ಕಿನ ಫಲಕಗಳೂ ಒಂದು ಬಿಟ್ಟು ಒಂದರಂತೆ ಇದ್ದು, ಸ್ಪ್ರಿಂಗ್‌ಗಳು ಅವನ್ನು ಒತ್ತಿ ಹಿಡಿಯುತ್ತವೆ. ಕಿಕ್ಕರ್ ಹಾಗೂ ಗೇರ್‌ಗೆ ಒಂದೇ ಪೆಡಲ್ ಇರುವುದು, ಗೇರ್ ಬದಲಿಸುವಾಗ ಕ್ಲಚ್ ತಾನಾಗಿಯೇ ಬಿಡುವುದು ಇದರ ವಿಶೇಷ.

ಸವೆತದ ಲಕ್ಷಣ

ಎಂಜಿನ್ನಿನ ಸದ್ದು ಏರಿದರೂ ವೇಗ ಏರದಿದ್ದರೆ ಕ್ಲಚ್ ಜಾರುತ್ತಿದೆ ಎಂದು ತಿಳಿಯಬಹುದು. ಕೇಬಲ್ ಅತಿಯಾಗಿ ಬಿಗಿದಿದ್ದರೂ ಹೀಗಾಗುವುದರಿಂದ ಮೊದಲು ಅದನ್ನೇ ಪರೀಕ್ಷಿಸಬೇಕು.

ಕಳಚುವ ಕ್ರಮ

ಎಂಜಿನ್ ತಣಿದ ಬಳಿಕ ಗೇರ್ ಎಣ್ಣೆಯನ್ನು ಬಸಿದು, ಪೆಡಲ್ ಹಾಗೂ ಎಡಬದಿಯ ಮುಚ್ಚಳವನ್ನು ತೆಗೆಯಲಾಗುತ್ತದೆ. ಸ್ಪ್ರಿಂಗ್‌ಗಳನ್ನು ಒತ್ತಿ ಹಿಡಿದು ಒಂದೊಂದಾಗಿ ಬಿಡಿಸಬೇಕು. ಅವು ಚಿಮ್ಮಿದರೆ ಕಣ್ಣಿಗೆ ಅಪಾಯ. ಫಲಕಗಳನ್ನು ಹೊರಬಂದ ಅನುಕ್ರಮದಲ್ಲಿಯೇ ಇಡಬೇಕು. ಫಲಕಗಳನ್ನಷ್ಟೇ ಬದಲಿಸುವುದಾದರೆ ಇಷ್ಟು ಸಾಕು.

ಕ್ಲಚ್ ಡ್ರಮ್ಮನ್ನೇ ತೆಗೆಯಬೇಕಾದರೆ ಎಂಜಿನ್ ಸ್ಪ್ರಾಕೆಟ್ಟನ್ನೂ ಅದರೊಂದಿಗೆ ಹೊರತೆಗೆಯಬೇಕಾಗುತ್ತದೆ. ಏಕೆಂದರೆ ಎರಡನ್ನೂ ಜೋಡಿಸುವ ಪ್ರೈಮರಿ ಸರಪಳಿಗೆ ಬಿಡಿಸುವ ಕೊಂಡಿ ಇರುವುದಿಲ್ಲ. ಸ್ಪ್ರಾಕೆಟ್ ತೆಗೆಯಲು ಪುಲ್ಲರ್ ಬಳಸಬೇಕು. ಸುತ್ತಿಗೆಯಿಂದ ಬಡಿದರೆ ಕ್ರ್ಯಾಂಕ್‌ಶಾಫ್ಟ್‌ಗೆ ಹಾನಿಯಾಗಬಹುದು.

ಹೊಸ ಕಾರ್ಕ್ ಫಲಕಗಳನ್ನು ಜೋಡಿಸುವ ಮುನ್ನ ಎಣ್ಣೆಯಲ್ಲಿ ನೆನೆಸಬೇಕು. ಒಣ ಕಾರ್ಕ್ ಘರ್ಷಣೆಯ ಶಾಖಕ್ಕೆ ಬೇಗ ಸುಟ್ಟುಹೋಗುತ್ತದೆ.