ಶ್ರೀರಂಗಪಟ್ಟಣದ ಸಿಂಹಾಸನ ಮತ್ತು ಲಿಲಾವು

ಮಹಾಲಿಂಗಪುರದ ಸೀಮೆಯಲ್ಲಿ ಅಣ್ಣತಮ್ಮಂದಿರು ಬೇರೆಯಾಗುವಾಗ ಹೊಲಗಳನ್ನು ಹಂಚಿಕೊಳ್ಳುವರು, ಪಾತ್ರೆಗಳನ್ನು ಎಣಿಸಿಕೊಳ್ಳುವರು. ದೇವರ ಮಂಟಪವನ್ನು ಮಾತ್ರ ಒಡೆದು ಪಾಲು ಮಾಡುವದಿಲ್ಲ. ಕೆಲವು ವಸ್ತುಗಳಿಗೆ ಇಡಿಯಾಗಿದ್ದರೇ ಬೆಲೆ. ಈ ವಿವೇಕವು 1799ರಲ್ಲಿ ಶ್ರೀರಂಗಪಟ್ಟಣವನ್ನು ಗೆದ್ದವರಿಗೆ ಇರಲಿಲ್ಲ.

ಆ ವರ್ಷದ ಮೇ 4ರಂದು ಟಿಪ್ಪು ಸುಲ್ತಾನನು ಮಡಿದ ತರುವಾಯ ಅರಮನೆಯ ಸೊತ್ತು ಸೈನ್ಯದ ಪಾಲಾಯಿತು. ಅದಕ್ಕೆ ಬೆಲೆ ಕಟ್ಟಿ, ಲಿಲಾವು ಮಾಡಿ, ಬಂದ ಹಣವನ್ನು ದರ್ಜೆಗೆ ತಕ್ಕಂತೆ ಹಂಚುವದಕ್ಕಾಗಿ ಅಧಿಕಾರಿಗಳಿದ್ದರು. ಚಿನ್ನದ ತಗಡು ಹೊದಿಸಿದ ಎಂಟು ಮೂಲೆಯ ಸಿಂಹಾಸನವನ್ನು ಅವರು ತುಂಡರಿಸಿದರು. ಗವರ್ನರ್ ಜನರಲ್ ವೆಲ್ಲೆಸ್ಲಿಯು ಅದನ್ನು ಇಡಿಯಾಗಿ ತನ್ನ ದೊರೆಗೆ ಕಳುಹಬೇಕೆಂದಿದ್ದನು. ದೊರೆತದ್ದು ಬಿಡಿಭಾಗಗಳು ಮಾತ್ರ. ಛತ್ರದ ಮೇಲಿನ ರತ್ನಖಚಿತ ಹುಮಾ ಪಕ್ಷಿಯೂ ಪೀಠದ ದೊಡ್ಡ ಹುಲಿಯ ತಲೆಯೂ ಇಂಗ್ಲೆಂಡಿನ ರಾಜಮನೆತನದ ಸಂಗ್ರಹವನ್ನು ಸೇರಿದವು. ಕಟಾಂಜನದ ಚಿಕ್ಕ ಹುಲಿತಲೆಗಳು ಮನೆಮನೆಗೆ ಚದುರಿದವು.

ಅವುಗಳಲ್ಲೊಂದು 2009ರಲ್ಲಿ ಲಂಡನ್ನಿನ ಬಾನ್‌ಹ್ಯಾಮ್ಸ್ ಲಿಲಾವಿನಲ್ಲಿ 3,89,600 ಪೌಂಡುಗಳಿಗೆ ಹೋಯಿತು. ಸುಲ್ತಾನನ ಶಯನಗೃಹದ ಖಡ್ಗದ ಬೆಲೆಯು 2023ರಲ್ಲಿ ಅಲ್ಲಿಯೇ 1 ಕೋಟಿ 40 ಲಕ್ಷ ಪೌಂಡುಗಳನ್ನು ಮೀರಿತು.

ಸಿಂಹಾಸನದ ಪೂರ್ಣರೂಪವನ್ನು ಇಂದು ಚಿತ್ರಗಳಲ್ಲಿಯೇ ನೋಡಬೇಕು. ಮದ್ರಾಸಿನ ಗವರ್ನರ್ ಕ್ಲೈವನ ಮಕ್ಕಳಿಗೆ ಪಾಠ ಹೇಳುತ್ತಿದ್ದ ಇಟಲಿಯ ಆನಾ ಟೊನೆಲ್ಲಿಯು 1800ರಲ್ಲಿ, ಅದು ಒಡೆದುಹೋದ ಮೇಲೆ, ಬರೆದ ಚಿತ್ರವು ವೇಲ್ಸ್ ಸೀಮೆಯ ಪೊವಿಸ್ ಕೋಟೆಯಲ್ಲಿದೆ.

ಚೂರಿನ ಬೆಲೆ ಎಷ್ಟು ಏರಿದರೂ ಚೂರುಗಳು ಕೂಡಲಾರವು. ಪೂರ್ವಿಕರ ವಸ್ತುಗಳನ್ನು ಪಾಲಿಗಾಗಲಿ ಮಾರಾಟಕ್ಕಾಗಲಿ ಇಡುವ ಮನೆತನಗಳು ಮೊದಲು ಅವುಗಳ ಪಟ್ಟಿಯನ್ನೂ ಚಿತ್ರವನ್ನೂ ಮಾಡಿರಿಸುವದು ಕರ್ತವ್ಯವಾಗಿದೆ.