ಕ್ಯಾಶ್ ಬೇರೆ, ಕಾಸು ಬೇರೆ

ಹುಣಸೂರು, ಪಿರಿಯಾಪಟ್ಟಣದ ಕಡೆ ಹೊಗೆಸೊಪ್ಪು ಹರಾಜಾದ ಮೇಲೆ ರೈತರು ಕೇಳಿಕೊಳ್ಳುವ ಮಾತು ‘ಕ್ಯಾಶ್ ಬಂತಾ?’ ಬೇಲಿನ ಹಣ ನೇರ ಬ್ಯಾಂಕ್ ಖಾತೆಗೆ ಜಮೆಯಾದರೂ ಬಾಯಲ್ಲಿ ಅದು ಕ್ಯಾಶೇ. ಕೆ.ಆರ್. ನಗರದ ಭತ್ತಕ್ಕೂ ಎಚ್.ಡಿ. ಕೋಟೆಯ ಹತ್ತಿಗೂ ಇದೇ ಮಾತು. ‘ಕೈಯಲ್ಲಿ ಕಾಸಿಲ್ಲ’ ಎನ್ನುವವರೂ ಇವರೇ. ಹಾಗಾದರೆ ಕಾಸೇ ಕ್ಯಾಶ್ ಆಯಿತೆ?

ಇಲ್ಲ. ಕ್ಯಾಶ್‌ನ ಮೂಲ ಲ್ಯಾಟಿನ್ನಿನ ‘ಕಾಪ್ಸಾ’. ಅದರ ಅರ್ಥ ಪೆಟ್ಟಿಗೆ. ಇಟಾಲಿಯನ್ನಿನಲ್ಲಿ ಅದು ‘ಕಾಸ್ಸಾ’ ಆಗಿ ವರ್ತಕರ ಹಣದ ಪೆಟ್ಟಿಗೆಗೆ ಹೆಸರಾಯಿತು. ಲೂಕಾ ಪಾಚಿಯೋಲಿ 1494ರಲ್ಲಿ ವೆನಿಸ್ಸಿನಲ್ಲಿ ಅಚ್ಚು ಹಾಕಿಸಿದ ಗಣಿತಗ್ರಂಥದಲ್ಲಿ ಜಮಾ–ಖರ್ಚು ಬರೆಯುವ ಕ್ರಮ ವಿವರಿಸುವಾಗ ಈ ಕಾಸ್ಸಾದ ಲೆಕ್ಕವೂ ಬರುತ್ತದೆ. ಹದಿನಾರನೇ ಶತಮಾನದ ಕೊನೆಗೆ ಪದ ಇಂಗ್ಲಿಷಿಗೆ ಸೇರಿತು, ಬಹುಶಃ ಫ್ರೆಂಚಿನ ಮೂಲಕ. ಮೊದಮೊದಲು ಅಲ್ಲೂ ಪೆಟ್ಟಿಗೆ ಎಂಬ ಅರ್ಥವಿತ್ತು. ಬರಬರುತ್ತ ಪೆಟ್ಟಿಗೆ ಬಿಟ್ಟುಹೋಗಿ ಒಳಗಿನ ಹಣ ಮಾತ್ರ ಉಳಿಯಿತು. ಇಟಲಿಯ ಅಂಗಡಿಯ ಗಲ್ಲಾಕ್ಕೆ ಇಂದಿಗೂ ಕಾಸ್ಸಾ ಎಂದೇ ಹೆಸರು. ಸಾಮಾನು ತುಂಬುವ ‘ಕೇಸ್’, ನಾವು ನುಂಗುವ ‘ಕ್ಯಾಪ್ಸೂಲ್’ ಇದರ ದಾಯಾದಿಗಳು. ಕೋರ್ಟಿನ ಕೇಸ್ ಮಾತ್ರ ಬೇರೆ ಮನೆತನದ್ದು.

ಕಾಸು ನಮ್ಮ ನೆಲದ ನಾಣ್ಯ. ಕನ್ನಡ, ತಮಿಳು, ಮಲಯಾಳ ಮೂರರಲ್ಲೂ ಅದಿದೆ. ಪೋರ್ಚುಗೀಸರು ಇಲ್ಲಿ ಈ ಪದ ಕೇಳಿದಾಗ ತಮ್ಮ ಭಾಷೆಯ ‘ಕೈಶಾ’ದಂತೆಯೇ ಬರೆದುಕೊಂಡರು. ಆ ಕೈಶಾ ಎಂದರೂ ಪೆಟ್ಟಿಗೆಯೇ, ಅದೇ ಕಾಪ್ಸಾದ ಮಗಳು! ಅವರಿಂದ ಇಂಗ್ಲಿಷರ ಕೈಗೆ ಬಂದ ಕಾಸು, ಚಿಲ್ಲರೆ ನಾಣ್ಯವೆಂಬ ಅರ್ಥದಲ್ಲಿ ಮತ್ತೊಂದು ‘ಕ್ಯಾಶ್’ ಆಯಿತು. ಹೀಗೆ ಇಂಗ್ಲಿಷಿನಲ್ಲಿ ಎರಡು ಕ್ಯಾಶ್‌ಗಳು: ಒಂದು ಇಟಲಿಯ ಪೆಟ್ಟಿಗೆಯಿಂದ, ಇನ್ನೊಂದು ನಮ್ಮ ಕಾಸಿನಿಂದ.

ಇದಕ್ಕೆ ಸಾಕ್ಷಿ ಮೈಸೂರಿನಲ್ಲೇ ಇದೆ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ತಾಮ್ರದ ನಾಣ್ಯಗಳ ಮೇಲೆ ಕನ್ನಡದಲ್ಲಿ ‘ಮಯಿಲಿ ಕಾಸು ೨೦’ ಎಂದಿದ್ದರೆ, ಇಂಗ್ಲಿಷ್ ಲಿಪಿಯಲ್ಲಿ, ರೋಮನ್ ಅಂಕಿಯ ಜೊತೆ, ‘ಕ್ಯಾಶ್’ ಎಂದಿದೆ. ಈ ಕ್ಯಾಶ್ ಇಟಲಿಯದಲ್ಲ, ಅಪ್ಪಟ ಕಾಸು.

ಆ ನಾಣ್ಯಗಳು ಚಲಾವಣೆಯಿಂದ ಹೋದವು. ‘ಬಿಡಿಗಾಸು’, ‘ಪುಡಿಗಾಸು’, ‘ಕಾಸಿಗೆ ತಕ್ಕ ಕಜ್ಜಾಯ’ಗಳಲ್ಲಿ ಕಾಸು ಉಳಿದಿದೆ, ಕೌಂಟರಿನಲ್ಲಿ ಓಡಾಡುವುದು ಇಟಲಿಯ ಕ್ಯಾಶ್. ಎರಡು ಪದ ಒಂದೇ ಥರ ಕೇಳಿಸಿದೊಡನೆ ನೆಂಟಸ್ತಿಕೆ ಕಟ್ಟಬಾರದು. ಅವು ಯಾರ ಕೈ ದಾಟಿ ಬಂದವೆಂದು ಮೊದಲು ವಿಚಾರಿಸಬೇಕು.